ಕುಸಿಯುವ ಹೆಂಚಿನ ಮನೆ: ಸಿನಿಮಾ ಮಿನಿಯೇಚರ್ ಕಟ್ಟುವುದಕ್ಕೆ ಸಮಗ್ರ ಮಾರ್ಗದರ್ಶಿ

ಮಿನಿಯೇಚರ್ (ಸಿನಿಮಾದಲ್ಲಿ ನಿಜದ್ದೆಂದು ತೋರಿಸುವ ಪುಟ್ಟ ಮಾಡೆಲ್) ಕೆಲಸಕ್ಕೆ ಇಳಿಯಬೇಕೆಂದು ಶೋರೀಲ್ (ಕೆಲಸ ಕೇಳಲು ತೋರಿಸುವ ಮಾದರಿ ವಿಡಿಯೋ) ಮಾಡಿಕೊಳ್ಳುವವರಲ್ಲಿ ಬಹುಪಾಲು ಮಂದಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮಾಡೆಲ್ ಮೇಜಿನ ಮೇಲೆ ಚೆಂದ, ಫೋಟೋದಲ್ಲೂ ಚೆಂದ. ವಿಡಿಯೋದಲ್ಲಿ ಒಂದು ಹೆಂಚು ಅಲುಗಿದರೆ ಸಾಕು, ಆಟಿಕೆ ಎಂದು ಗೊತ್ತಾಗಿಬಿಡುತ್ತದೆ. ಆಗ ಬಣ್ಣ ತಿದ್ದಲು ಕೂರುತ್ತಾರೆ. ತೊಂದರೆ ಇರುವುದು ಬಣ್ಣದಲ್ಲಲ್ಲ. ಸ್ಕೇಲ್ (ಮಾಡೆಲ್ ನಿಜದ ಎಷ್ಟನೇ ಒಂದು ಎಂಬುದು), ಫ್ರೇಮ್ ರೇಟ್ (ಕ್ಯಾಮೆರಾ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆ), ಲೆನ್ಸ್, ಒಡೆಯುವ ವಸ್ತು ಎಷ್ಟು ಗಟ್ಟಿ ಇರಬೇಕು ಎನ್ನುವುದು, ಈ ನಾಲ್ಕೂ ಮೊದಲ ಹಲಗೆ ಕೊಯ್ಯುವುದಕ್ಕೆ ಮುಂಚೆಯೇ ತೀರ್ಮಾನವಾಗಿರಬೇಕು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಮಲೆನಾಡಿನ ಒಂದಂತಸ್ತಿನ ಹೆಂಚಿನ ಮನೆ. ಹಿಂದಿನಿಂದ ಗುಡ್ಡದ ಮಣ್ಣು ಒತ್ತಿ ಮುಂಭಾಗ ಕುಸಿಯುತ್ತದೆ. ಪರದೆಯ ಮೇಲೆ ನಾಲ್ಕು ಸೆಕೆಂಡಿನ ಶಾಟ್. ಬೇಕೆಂದೇ ನೀರು, ಬೆಂಕಿ ಎರಡನ್ನೂ ಬಿಟ್ಟಿದ್ದೇವೆ. ಹನಿಯ ಗಾತ್ರವನ್ನಾಗಲಿ ಜ್ವಾಲೆಯ ನಾಲಗೆಯನ್ನಾಗಲಿ ಸ್ಕೇಲ್‌ಗೆ ತಕ್ಕಂತೆ ಕುಗ್ಗಿಸಲಾಗುವುದಿಲ್ಲ. ಮೊದಲ ಶಾಟ್‌ಗೆ ಅವೆರಡೂ ಬೇಡ.

## ಹಂತ 1: ಮೊದಲು ಶಾಟ್ ಬರೆಯಿರಿ, ಮನೆ ಆಮೇಲೆ

ಒಂದು ಹಾಳೆಯಲ್ಲಿ ಐದು ವಿಷಯ ಬರೆದುಕೊಳ್ಳಿ. ಕ್ಯಾಮೆರಾ ಎಲ್ಲಿ, ಎಷ್ಟು ಎತ್ತರದಲ್ಲಿ, ಯಾವ ಲೆನ್ಸ್, ಅದು ಚಲಿಸುತ್ತದೋ ಇಲ್ಲವೋ, ಮತ್ತು ಮನೆಯ ಯಾವ ಭಾಗ ಯಾವ ಕ್ರಮದಲ್ಲಿ ಬೀಳುತ್ತದೆ.

ನಮ್ಮ ಮನೆಯ ನಿಜ ಅಳತೆ 9.6 ಮೀಟರ್ ಉದ್ದ, 6.4 ಮೀಟರ್ ಅಗಲ, ಗೋಡೆ 2.8 ಮೀಟರ್ ಎತ್ತರ. ಸುತ್ತ 60 ಸೆಂ.ಮೀ. ಸೂರು, 30 ಡಿಗ್ರಿ ಇಳಿಜಾರಿನ ಎರಡು ಕಡೆಯ ಮಾಡು. ಲೆಕ್ಕ ಹಾಕಿದರೆ ಮಾಡು ಸುಮಾರು 95 ಚದರ ಮೀಟರ್ ಆಗುತ್ತದೆ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15ರಂತೆ 1,400ಕ್ಕೂ ಮೀರುತ್ತದೆ. ಆದರೆ ಕ್ಯಾಮೆರಾ ನೋಡುವುದು ಮುಂದಿನ ಇಳಿಜಾರನ್ನು ಮಾತ್ರ. ಅಂದರೆ ಎರಕ ಹೊಯ್ಯಬೇಕಾದದ್ದು 700 ಚಿಲ್ಲರೆ. ಹಿಂದಿನ ಇಳಿಜಾರಿಗೆ ಒಂದು ಹಲಗೆ ಸಾಕು. ಶಾಟ್ ಬರೆಯದೆ ಶುರು ಮಾಡಿದವರು ಯಾರೂ ನೋಡದ ಹಿಂಬದಿಗೂ ಹೆಂಚು ಹೊದಿಸಿ, ಮುಂದಿನ ಗೋಡೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ.

## ಹಂತ 2: ಸ್ಕೇಲ್ ಮತ್ತು ಫ್ರೇಮ್ ರೇಟ್ ಒಟ್ಟಿಗೇ ನಿರ್ಧರಿಸಿ

ನಿಜವಾದ ಮನೆಯಲ್ಲಿ 4 ಮೀಟರ್ ಎತ್ತರದಿಂದ ಬೀಳುವ ಹೆಂಚು ನೆಲ ಮುಟ್ಟಲು 0.9 ಸೆಕೆಂಡ್ ಬೇಕು. ಎಂಟನೇ ಒಂದರಷ್ಟು ಮಾಡೆಲ್‌ನಲ್ಲಿ ಅದೇ ಹೆಂಚು ಅರ್ಧ ಮೀಟರ್ ಬೀಳುತ್ತದೆ, 0.32 ಸೆಕೆಂಡಿಗೆ ಮುಗಿಯುತ್ತದೆ. ಆಟಿಕೆ ಅನಿಸುವುದು ಈ ಆತುರದಿಂದಲೇ. ಗುರುತ್ವವನ್ನು ಬದಲಿಸಲಾಗದು, ಕಾಲವನ್ನು ಹಿಗ್ಗಿಸಬಹುದು. ಹೆಚ್ಚು ಫ್ರೇಮ್ ತೆಗೆದು, ಸಿನಿಮಾ ಪರದೆಯ ಮಾಮೂಲಿ ವೇಗವಾದ ಸೆಕೆಂಡಿಗೆ 24 ಫ್ರೇಮಿನಲ್ಲಿ ಓಡಿಸಿದರೆ ಚಲನೆ ನಿಧಾನವಾಗುತ್ತದೆ. ಸೂತ್ರ ಸುಲಭ: ಸ್ಕೇಲ್‌ನ ಕೆಳಗಿನ ಅಂಕಿಯ ವರ್ಗಮೂಲವನ್ನು 24ರಿಂದ ಗುಣಿಸಿ.

- 1/4 ಮಾಡೆಲ್: ಸೆಕೆಂಡಿಗೆ 48 ಫ್ರೇಮ್
- 1/6: ಸುಮಾರು 59
- 1/8: 68
- 1/12: 83
- 1/16: 96
- 1/25: 120

ಕ್ಯಾಮೆರಾಗಳಲ್ಲಿ ಎಲ್ಲ ಅಂಕಿಗಳೂ ಸಿಗುವುದಿಲ್ಲ. ನಿಮ್ಮದರಲ್ಲಿ 60ರ ಮೇಲೆ ಏನೂ ಇಲ್ಲದಿದ್ದರೆ 1/8ರ ಆಸೆ ಬಿಟ್ಟು 1/6 ಕಟ್ಟಿ. ಲೆಕ್ಕಕ್ಕಿಂತ ಒಂದಿಷ್ಟು ಹೆಚ್ಚು ಫ್ರೇಮ್ ಇದ್ದರೆ ಎಡಿಟಿಂಗ್‌ನಲ್ಲಿ ವೇಗ ಕೂಡಿಸಬಹುದು. ಕಡಿಮೆ ಇದ್ದರೆ ಇಲ್ಲದ ಫ್ರೇಮ್‌ಗಳನ್ನು ಸಾಫ್ಟ್‌ವೇರ್ ಊಹಿಸಿ ಸೇರಿಸುತ್ತದೆ, ಹಾರುವ ಚೂರುಗಳ ಅಂಚು ಕಲಸಿಹೋಗುತ್ತದೆ.

ನಾವು 1/8 ಸ್ಕೇಲ್, 72 ಫ್ರೇಮ್ ಹಿಡಿಯೋಣ. 68ಕ್ಕಿಂತ ತುಸು ಭಾರವಾಗಿ ಕಾಣುತ್ತದೆ, ಕುಸಿತಕ್ಕೆ ಅದು ಒಳ್ಳೆಯದೇ. 24ಕ್ಕೆ ಸರಿಯಾಗಿ ಮೂರು ಪಟ್ಟು ಆದ್ದರಿಂದ ಲೆಕ್ಕವೂ ಹಗುರ. ಮನೆ 120 × 80 ಸೆಂ.ಮೀ., ಗೋಡೆ 35 ಸೆಂ.ಮೀ., ಮಾಡಿನ ನೆತ್ತಿ ನೆಲದಿಂದ 60 ಸೆಂ.ಮೀ. ಆಸುಪಾಸು. ನಾಲ್ಕು ಸೆಕೆಂಡಿನ ಕುಸಿತ ನಿಮ್ಮ ಕಣ್ಣೆದುರು ಒಂದೂವರೆ ಸೆಕೆಂಡಿನೊಳಗೆ ಮುಗಿದುಹೋಗುತ್ತದೆ.

ಚಲಿಸುವ ವಸ್ತುಗಳಿಗೂ ಇದೇ ವರ್ಗಮೂಲ ಅನ್ವಯಿಸುತ್ತದೆ. 1/16 ಮಾಡೆಲ್‌ನಲ್ಲಿ ಗಂಟೆಗೆ 40 ಕಿ.ಮೀ. ವೇಗದ ಜೀಪನ್ನು ತೋರಿಸಬೇಕಾದರೆ ಅದನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಎಳೆಯಬೇಕು. ಸ್ಕೇಲ್ 16 ಅಂತ ಹದಿನಾರರಿಂದ ಭಾಗಿಸಿದರೆ ಜೀಪು ತೆವಳುತ್ತದೆ.

## ಹಂತ 3: ಸಾಮಾನು

ಉಕ್ಕಿನ ಸ್ಕೇಲ್, ಪೇಪರ್ ಕಟರ್ ಮತ್ತು ಧಾರಾಳ ಬ್ಲೇಡು, ವರ್ನಿಯರ್ ಕ್ಯಾಲಿಪರ್, ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ, ಸಣ್ಣ ಗರಗಸ, ಸ್ಪಿರಿಟ್ ಲೆವೆಲ್, ಚಹಾ ಸೋಸುವ ಜಾಲರಿ, ಏರ್‌ಬ್ರಷ್. ತಳಕ್ಕೆ 18 ಮಿ.ಮೀ. ಪ್ಲೈವುಡ್. ಎರಕಕ್ಕೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್), ಅಚ್ಚು ತೆಗೆಯುವ ರಬ್ಬರಿನಂಥ ಆರ್‌ಟಿವಿ ಸಿಲಿಕೋನ್, ನರ್ಸರಿಯಲ್ಲಿ ಸಿಗುವ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಚೂರು, ರೆಡ್ ಆಕ್ಸೈಡ್ ಪುಡಿ. ಮಾಡಿನ ಮರಗೆಲಸಕ್ಕೆ ಬಾಲ್ಸಾ ಎಂಬ ತೀರಾ ಹಗುರ, ಮೆತ್ತನೆಯ ಮರ. ಮಾಕಪ್‌ಗೆ, ಅಂದರೆ ಪರೀಕ್ಷೆಗೆಂದು ಕಟ್ಟುವ ಒರಟು ಮಾದರಿಗೆ, ಸನ್‌ಬೋರ್ಡ್ (ಹಗುರ ಫೋಮ್ ಹಲಗೆ). ಅಂಟಿಗೆ ಫೆವಿಕಾಲ್, ಫೆವಿಕ್ವಿಕ್, ಎಂ-ಸೀಲ್. ಧೂಳಿಗೆ ಮುಲ್ತಾನಿ ಮಿಟ್ಟಿ. ಸೊಲೆನಾಯ್ಡ್ (ವಿದ್ಯುತ್ ಹರಿಸಿದಾಗ ಸರಳನ್ನು ಎಳೆಯುವ ಸುರುಳಿ), ಅದಕ್ಕೆ ಸ್ವಿಚ್ಚಾಗುವ ರಿಲೇ ಬೋರ್ಡ್‌ಗಳು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ.

ಎನ್95 ಮಾಸ್ಕ್ ಕಡ್ಡಾಯ. ಪಿಒಪಿ, ಮುಲ್ತಾನಿ ಮಿಟ್ಟಿ, ಉಜ್ಜಿದ ಎಂಡಿಎಫ್ (ಒತ್ತಿದ ಮರದ ನಾರಿನ ಹಲಗೆ) ಪುಡಿ ಯಾವುದೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಫೆವಿಕ್ವಿಕ್ ಆಗಲಿ ಸ್ಪ್ರೇ ಪೇಂಟ್ ಆಗಲಿ ಥರ್ಮಾಕೋಲ್ ಮುಟ್ಟಿದರೆ ಅದು ಕರಗಿ ಗುಂಡಿ ಬೀಳುತ್ತದೆ. ಇನ್ನೊಂದು ಮಾತು, ಬೀಳುವ ಯಾವ ಭಾಗಕ್ಕೂ ಥರ್ಮಾಕೋಲ್ ಬಳಸಬೇಡಿ. ಗಾಳಿಯಲ್ಲಿ ತೇಲಿ ನೆಲಕ್ಕೆ ಬಡಿದು ಪುಟಿಯುತ್ತದೆ, 72 ಫ್ರೇಮಿನಲ್ಲಿ ಅದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

## ಹಂತ 4: ಸನ್‌ಬೋರ್ಡ್ ಮಾಕಪ್ ಮತ್ತು ಲೆನ್ಸ್ ಪರೀಕ್ಷೆ

ಅರ್ಧ ದಿನದಲ್ಲಿ ಸನ್‌ಬೋರ್ಡಿನ ಬರೀ ಡಬ್ಬಿ ಮನೆ ಕಟ್ಟಿ ಅದರ ಮುಂದೆ ಕ್ಯಾಮೆರಾ ಇಡಿ. ನಿಂತ ಮನುಷ್ಯನ ಕಣ್ಣು 1.6 ಮೀಟರ್ ಎತ್ತರದಲ್ಲಿರುತ್ತದೆ ಎಂದುಕೊಂಡರೆ, ಇಲ್ಲಿ ಲೆನ್ಸಿನ ಮಧ್ಯಬಿಂದು ಮಾಡೆಲ್ ನೆಲದಿಂದ 20 ಸೆಂ.ಮೀ. ಮೇಲೆ. ನಿಜದಲ್ಲಿ 12 ಮೀಟರ್ ದೂರ ಎಂದರೆ ಇಲ್ಲಿ ಒಂದೂವರೆ ಮೀಟರ್. ಕ್ಯಾಮೆರಾವನ್ನು ಮಾಮೂಲಿ ಟ್ರೈಪಾಡ್ ಎತ್ತರದಲ್ಲಿಟ್ಟರೆ ಅದು ಡ್ರೋನ್ ನೋಟವಾಗುತ್ತದೆ, ಮಾಡೆಲ್ ಎನ್ನುವುದು ಕೂಡಲೇ ಬಯಲು.

ಮುಂದಿನ ಅಪಾಯ ಫೋಕಸ್. ನಿಜವಾದ ಮನೆಯನ್ನು ದೂರದಿಂದ ತೆಗೆದಾಗ ಅಂಗಳದಿಂದ ಗುಡ್ಡದವರೆಗೆ ಎಲ್ಲವೂ ಸ್ಪಷ್ಟವಿರುತ್ತದೆ. ಹತ್ತಿರದಿಂದ ತೆಗೆದ ಮಾಡೆಲ್‌ನಲ್ಲಿ ಹಿನ್ನೆಲೆ ಮಸುಕಾದರೆ ಕಣ್ಣು ತಕ್ಷಣ ಗಾತ್ರ ಅಳೆದುಬಿಡುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್, ಎಫ್/16 (ಲೆನ್ಸಿನ ಕಿಂಡಿಯ ಅಳತೆ; ಅಂಕಿ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು), ಫೋಕಸ್ 1.5 ಮೀಟರಿಗೆ ಇಟ್ಟರೆ ಸ್ಪಷ್ಟವಾಗಿರುವುದು ಸುಮಾರು 1.2ರಿಂದ 2.1 ಮೀಟರ್ ಮಾತ್ರ. ಅದೇ 24 ಮಿ.ಮೀ. ಲೆನ್ಸಿನಲ್ಲಿ ಎಫ್/16 ಇಟ್ಟು 1.2 ಮೀಟರಿಗೆ ಫೋಕಸ್ ಮಾಡಿದರೆ 60 ಸೆಂ.ಮೀ.ಯಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಹಾಗೆಂದು ಎಫ್/22 ದಾಟಿ ಮುಚ್ಚಬೇಡಿ, ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಮಾಕಪ್‌ನ ಚೌಕಟ್ಟು ಒಪ್ಪಿಗೆಯಾದ ಮೇಲೆ ಕ್ಯಾಮೆರಾದ ಜಾಗ, ಎತ್ತರ, ಫೋಕಸ್ ಗುರುತು ಎಲ್ಲವನ್ನೂ ಬರೆದಿಡಿ. ಫ್ರೇಮಿನ ಹೊರಗೆ ಬೀಳುವ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಕಾಟು ಹಾಕಿ. ಆ ಭಾಗ ಕಟ್ಟುವುದೇ ಬೇಡ.

## ಹಂತ 5: ಹೆಂಚು

410 × 235 ಮಿ.ಮೀ. ಅಳತೆಯ ಮಂಗಳೂರು ಹೆಂಚು 1/8ರಲ್ಲಿ 51 × 29 ಮಿ.ಮೀ. ಆಗುತ್ತದೆ, ದಪ್ಪ 1.5 ಮಿ.ಮೀ. ಒಂದು ನಿಜವಾದ ಹೆಂಚನ್ನು ಎದುರಿಗಿಟ್ಟುಕೊಂಡು ಗಾಡಿ (ನೀರಿಳಿಯುವ ತೋಡು), ಏಣು, ತುದಿಯ ಮಡಿಕೆ ಅಳೆದುಕೊಳ್ಳಿ. ಅಚ್ಚು ತೆಗೆಯಲು ಕೈಯಾರೆ ಮಾಡುವ ಮಾಸ್ಟರ್ ಹೆಂಚು ಒಂದೇ ಸಾಲದು, ಕನಿಷ್ಠ ಐದು ಬೇಕು. ಒಂದಕ್ಕೆ ಮೂಲೆ ಮುಕ್ಕಾಗಿರಲಿ, ಇನ್ನೊಂದು ತುಸು ಸೊಟ್ಟಗಿರಲಿ. ಒಂದೇ ಮಾಸ್ಟರ್‌ನಿಂದ ಹೊಯ್ದ 700 ಹೆಂಚು ಸಾಲಾಗಿ ನಿಂತರೆ ಮಾಡು ಪ್ಲಾಸ್ಟಿಕ್ ಹಾಳೆಯ ಹಾಗೆ ಕಾಣುತ್ತದೆ.

ಈ ಐದು ಮಾಸ್ಟರ್ ಬಳಸಿ ಇಪ್ಪತ್ತು ಹೆಂಚಿನ ಟ್ರೇ ಮಾಡಿ ಸಿಲಿಕೋನ್ ಅಚ್ಚು ತೆಗೆಯಿರಿ. ಸಿಲಿಕೋನನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಅನ್ನು ತಕ್ಕಡಿಯಲ್ಲಿ ತೂಗಿ ಹಾಕಬೇಕು, ಚಮಚದ ಲೆಕ್ಕ ನಡೆಯುವುದಿಲ್ಲ. ಮಾಸ್ಟರ್ 3ಡಿ ಪ್ರಿಂಟರಿನಲ್ಲಿ ತೆಗೆದ ರೆಸಿನ್ ಪ್ರಿಂಟ್ ಆಗಿದ್ದರೆ ಪ್ಲಾಟಿನಂ ಮಾದರಿಯ ಸಿಲಿಕೋನ್ ಅದಕ್ಕೆ ತಾಗಿದ ಕಡೆ ಗಟ್ಟಿಯಾಗದೆ ಅಂಟಂಟಾಗಿ ಉಳಿಯಬಹುದು. ಟಿನ್ ಮಾದರಿಯದು ತೊಂದರೆ ಕೊಡುವುದು ಕಡಿಮೆ.

ಎರಕಕ್ಕೆ 1 ಕೆಜಿ ಪಿಒಪಿ, 700 ಮಿ.ಲೀ. ನೀರು, 50 ಗ್ರಾಂ ರೆಡ್ ಆಕ್ಸೈಡ್. ಬಣ್ಣವನ್ನು ಒಣ ಪುಡಿಯಲ್ಲೇ ಬೆರೆಸಿ, ನಂತರ ಪುಡಿಯನ್ನು ನೀರಿಗೆ ಉದುರಿಸಿ. ನೀರನ್ನು ಪುಡಿಗೆ ಸುರಿದರೆ ಗಂಟು ಕಟ್ಟುತ್ತದೆ. ಬಣ್ಣ ಮೊದಲೇ ಬೆರೆಸಬೇಕಾದದ್ದು ಏಕೆಂದರೆ, ಹೆಂಚು ಒಡೆದಾಗ ಒಳಗೆ ಬಿಳಿ ಕಾಣಬಾರದು. ಎಲ್ಲವನ್ನೂ ಸೊಗಸಾಗಿ ಕಟ್ಟಿ, ಒಡೆದ ಅಂಚಿನ ಬಿಳಿಯಲ್ಲಿ ಸಿಕ್ಕಿಬೀಳುವ ಮಾಡೆಲ್‌ಗಳೇ ಹೆಚ್ಚು. ಒಡೆದವು, ಮುಕ್ಕಾದವು ಎಂದು ನೂರೈವತ್ತು ಹೆಚ್ಚಿಗೆ ಹೊಯ್ದಿಡಿ. ಎರಡು ಟೇಕ್‌ಗೆ (ಶಾಟನ್ನು ಎರಡು ಸಲ ತೆಗೆಯುವುದಕ್ಕೆ) ಆದರೆ ಎಲ್ಲವೂ ದುಪ್ಪಟ್ಟು.

## ಹಂತ 6: ಒಡೆಯುವ ಗೋಡೆ

ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲೇ. ಗೋಡೆಯನ್ನು ಗಟ್ಟಿಯಾಗಿ ಕಟ್ಟಬೇಕೆಂಬ ಅಭ್ಯಾಸ ಬಲ. ಆದರೆ ವಸ್ತುವೊಂದು ತನ್ನ ತೂಕದಿಂದಲೇ ಅನುಭವಿಸುವ ಒತ್ತಡ ಅಳತೆಯ ಜೊತೆ ಕುಗ್ಗುತ್ತದೆ. ಎಂಟನೇ ಒಂದರ ಗೋಡೆಯ ಬುಡದಲ್ಲಿ ಒತ್ತಡವೂ ಎಂಟನೇ ಒಂದೇ. ಹಾಗಾಗಿ ಅದು ನಿಜ ಗೋಡೆಯಂತೆ ಚೂರಾಗಬೇಕಾದರೆ ಅದರ ವಸ್ತು ಎಂಟು ಪಟ್ಟು ದುರ್ಬಲ ಇರಬೇಕು. ಮಾಮೂಲಿ ಪಿಒಪಿ ಗೋಡೆ ಇಡಿಯಾಗಿ ಮಗುಚುತ್ತದೆ, ಬಾಗಿಲು ಕಳಚಿ ಬಿದ್ದ ಹಾಗೆ.

ದುರ್ಬಲಗೊಳಿಸಲು ವರ್ಮಿಕ್ಯುಲೈಟ್ ಬೆರೆಸಿ. ಅಳತೆಯಲ್ಲಿ ಪಿಒಪಿ ಒಂದಕ್ಕೆ ವರ್ಮಿಕ್ಯುಲೈಟ್ ಒಂದರಿಂದ ಶುರು ಮಾಡಿ, ಒಂದಕ್ಕೆ ಎರಡು, ಒಂದಕ್ಕೆ ಮೂರು ಎಂದು ಏರಿಸುತ್ತ ಹೋಗಿ. ಇದು ನೀರನ್ನು ಹೀರುವುದರಿಂದ ನೀರು ಕೊಂಚ ಹೆಚ್ಚು ಬೇಕಾಗುತ್ತದೆ. ಪ್ರತಿ ಮಿಶ್ರಣದಿಂದ 10 × 10 × 2.5 ಸೆಂ.ಮೀ. ಬಿಲ್ಲೆ ಹೊಯ್ದು, ಪೂರ್ತಿ ಒಣಗಿಸಿ, ಮಂಡಿ ಎತ್ತರದಿಂದ ಪ್ಲೈವುಡ್ ಮೇಲೆ ಬೀಳಿಸಿ. ಎರಡೇ ತುಂಡಾದರೆ ಗಟ್ಟಿ ಹೆಚ್ಚು. ಹುಡಿಹುಡಿಯಾದರೆ ಕಮ್ಮಿ. ಏಳೆಂಟು ಅಂಕುಡೊಂಕು ತುಂಡು, ಜೊತೆಗೆ ಒಂದಿಷ್ಟು ಪುಡಿ, ಇದು ಸರಿಯಾದ ಹದ. ಆ ಬಿಲ್ಲೆಯ ಮೇಲೆ ಪ್ರಮಾಣ ಗೀಚಿ ತೆಗೆದಿಡಿ.

ಜಂಬಿಟ್ಟಿಗೆ ಗೋಡೆಯಾದರೆ ಬಿಡಿ ಇಟ್ಟಿಗೆ ಹೊಯ್ಯುವುದೇ ಮೇಲು. ನಿಜದ 40 × 20 × 20 ಸೆಂ.ಮೀ. ಕಲ್ಲು ಇಲ್ಲಿ 5 × 2.5 × 2.5 ಸೆಂ.ಮೀ. ಕೆಮ್ಮಣ್ಣಿನ ಬಣ್ಣ ಮಿಶ್ರಣದಲ್ಲೇ ಇರಲಿ. ಒಣ ಮೇಲ್ಮೈಯನ್ನು ತಂತಿ ಬ್ರಷ್‌ನಿಂದ ಚುಚ್ಚಿದರೆ ತೂತು ತೂತಿನ ಮೈ ಬರುತ್ತದೆ. ಗಾರೆಗೆ ಜರಡಿ ಹಿಡಿದ ಮಣ್ಣು ಮತ್ತು ತೀರಾ ತೆಳು ಮಾಡಿದ ಫೆವಿಕಾಲ್ ನೀರು ಸಾಕು. ಬಿಗಿಯಾಗಿ ಅಂಟಿಸಿದರೆ ಗೋಡೆ ಕೀಲಿನಲ್ಲಿ ಬಿಡುವುದಿಲ್ಲ.

ಪಿಒಪಿ ಇಪ್ಪತ್ತು ನಿಮಿಷದಲ್ಲಿ ಗಟ್ಟಿಯಾಗುತ್ತದೆ ನಿಜ, ಒಣಗಲು ದಿನಗಟ್ಟಲೆ ಬೇಕು. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಒಂದು ತುಂಡನ್ನು ದಿನಾ ತೂಗಿ. ತೂಕ ಇಳಿಯುವುದು ನಿಂತ ದಿನ ಒಣಗಿದೆ ಎಂದರ್ಥ. ಹಸಿ ಇರುವಾಗ ಬಣ್ಣ ಹಚ್ಚಿದರೆ ಸುಲಿಯುತ್ತದೆ, ಕುಸಿತದಲ್ಲಿ ಚೂರಿನ ಬದಲು ಮುದ್ದೆ ಬೀಳುತ್ತದೆ.

## ಹಂತ 7: ಮಾಡಿನ ಚೌಕಟ್ಟು

ತೊಲೆ, ಪಕಾಸು, ರೀಪು ಎಲ್ಲವೂ ಬಾಲ್ಸಾ. ತೇಗದ ಚಕ್ಕೆ ಬಳಸಿದರೆ ಅದರ ನಾರಿನ ಗೆರೆ ಸ್ಕೇಲ್‌ಗೆ ದಪ್ಪವಾಗಿ ಕಾಣುತ್ತದೆ, ಮುರಿಯುವುದೂ ಇಲ್ಲ. ಎಲ್ಲಿ ಮುರಿಯಬೇಕೋ ಅಲ್ಲಿ ಗರಗಸದಲ್ಲಿ ನೇರ ಕೊಯ್ದು ಅಂಟಿಸಬೇಡಿ. ಕೈಯಲ್ಲಿ ಮುರಿದು, ಸಿಬಿರೆದ್ದ ಎರಡೂ ತುದಿಗಳನ್ನು ಮತ್ತೆ ಕೂಡಿಸಿ, ಒಂದು ಹನಿ ತೆಳು ಫೆವಿಕಾಲ್ ಹಾಕಿ. ಬಿದ್ದಾಗ ಸಿಬಿರು ಸಿಬಿರಾಗಿಯೇ ಬಿಡುತ್ತದೆ. ಸಿಬಿರಿನ ಒಳಮೈಗೆ ತೆಳು ಕಂದು ನೀರು ಬಳಿಯುವುದನ್ನು ಮರೆಯಬೇಡಿ.

ಹೆಂಚನ್ನು ರೀಪಿಗೆ ಅಂಟಿಸಬಾರದು, ನಿಜವಾದ ಮಾಡಿನಲ್ಲಿ ಇರುವಂತೆ ಬರಿದೇ ಹೊಂದಿಸಿ. ನೆತ್ತಿಯ ಗೆರೆ ಮಧ್ಯದಲ್ಲಿ ಆರೇಳು ಮಿ.ಮೀ. ಜಗ್ಗಿರಲಿ, ಹಳೆಯ ಮನೆಯಲ್ಲಿ ಅದು ಐದು ಸೆಂ.ಮೀ. ಜಗ್ಗಿದ್ದಕ್ಕೆ ಸಮ. ಸ್ಕೇಲ್ ಹಿಡಿದು ಎಳೆದಂಥ ನೇರ ಗೆರೆ ಸುಳ್ಳನ್ನು ಹೊರಹಾಕುತ್ತದೆ.

## ಹಂತ 8: ಕುಸಿತದ ಏರ್ಪಾಡು

ಮುಂದಿನ ಗೋಡೆ ಮತ್ತು ಜಗಲಿ ನಿಂತಿರುವ ನೆಲದ ಭಾಗವನ್ನು ತಳದ ಪ್ಲೈವುಡ್‌ನಿಂದ ಬೇರ್ಪಡಿಸಿ ಮೂರು ತುಂಡು ಮಾಡಿ. ಪ್ರತಿ ತುಂಡಿನ ಕೆಳಗೆ ಕೀಲುಬಾಗಿಲು, ಅದನ್ನು ತಡೆದು ಹಿಡಿಯುವ ಉಕ್ಕಿನ ಪಿನ್ನು. ಪಿನ್ನು ಜಾರಿದರೆ ಆ ತುಂಡು ಎರಡು ಮೂರು ಸೆಂ.ಮೀ. ಕೆಳಗಿಳಿಯುತ್ತದೆ. ಅಷ್ಟೇ ಸಾಕು, ಉಳಿದದ್ದನ್ನು ತೂಕ ನೋಡಿಕೊಳ್ಳುತ್ತದೆ. ಹಿಂಬದಿಯಲ್ಲಿ ಜರಡಿ ಹಿಡಿದ ಮಣ್ಣು ತುಂಬಿದ ಇಳಿಜಾರು ತಟ್ಟೆ, ಅದಕ್ಕೊಂದು ಪಿನ್ನು. ಮೊದಲು ಮಣ್ಣು, ಆಮೇಲೆ ಎಡ ಮೂಲೆ, ಆಮೇಲೆ ನಡು, ಕೊನೆಗೆ ಬಲ.

ನಡುವಿನ ಅಂತರ ಪರದೆಯ ಮೇಲೆ ಅರ್ಧ ಸೆಕೆಂಡ್ ಬೇಕೆಂದರೆ ಇಲ್ಲಿ ಅದರ ಮೂರನೇ ಒಂದು ಭಾಗ, ಅಂದರೆ 0.17 ಸೆಕೆಂಡ್. ಕೈಯಿಂದ ಎಳೆಯುವುದಾದರೆ ನಾಲ್ಕೂ ದಾರವನ್ನು ಒಂದೇ ಹಿಡಿಕೆಗೆ ಕಟ್ಟಿ, ಪ್ರತಿಯೊಂದಕ್ಕೂ ಬೇರೆ ಬೇರೆ ಸಡಿಲು ಬಿಡಿ. ಸಡಿಲು ಹೆಚ್ಚಿದ್ದದ್ದು ತಡವಾಗಿ ಎಳೆಯುತ್ತದೆ. 12 ವೋಲ್ಟ್ ಸೊಲೆನಾಯ್ಡ್ ಮತ್ತು ಆರ್ಡುವಿನೊ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಬೋರ್ಡ್) ಇಟ್ಟರೆ ಮಿಲಿಸೆಕೆಂಡ್ ಲೆಕ್ಕದಲ್ಲೇ ಬರೆಯಬಹುದು. ಆದರೆ ಭಾರವಿಲ್ಲದಾಗ ಸಲೀಸಾಗಿ ಎಳೆಯುವ ಸೊಲೆನಾಯ್ಡ್, ಮೇಲೆ ಗೋಡೆಯ ಭಾರ ಕೂತಾಗ ಮಿಸುಕುವುದಿಲ್ಲ. ಪಿನ್ನಿಗೆ ಗ್ರೀಸ್ ಹಚ್ಚಿ, ಗೋಡೆಯಷ್ಟೇ ತೂಕದ ಮರಳು ಚೀಲವಿಟ್ಟು ಹತ್ತು ಸಲ ಎಳೆದು ನೋಡಿ. ಹತ್ತರಲ್ಲಿ ಒಂದು ಸಲ ಸಿಕ್ಕಿಕೊಂಡರೂ ಬದಲಿಸಿ.

ಪಟಾಕಿ ಮದ್ದು ಇಟ್ಟು ಸಿಡಿಸುವ ಯೋಚನೆ ಬೇಡ. ಅದು ಪರವಾನಗಿ ಇರುವವರ ಕೆಲಸ.

## ಹಂತ 9: ಬಣ್ಣ, ನೆಲ, ಗಿಡ

ಹೊಳಪು ಎಲ್ಲೂ ಇರಬಾರದು, ಮ್ಯಾಟ್ ಬಣ್ಣ ಮಾತ್ರ. ಮನಸ್ಸಿಗೆ ಸರಿ ಅನಿಸಿದ ಬಣ್ಣಕ್ಕಿಂತ ಒಂದು ಮಟ್ಟ ಮಂಕಾಗಿಸಿ. ಸೂರಿನ ನೀರು ಸಿಡಿದು ಗೋಡೆಯ ಬುಡಕ್ಕೆ ಹತ್ತುವ ಕೆಮ್ಮಣ್ಣು ಮಲೆನಾಡಿನ ಮನೆಯ ಗುರುತು. ನಿಜದಲ್ಲಿ ಮೊಳಕಾಲಿನವರೆಗೆ ಬರುವ ಅದು ಇಲ್ಲಿ 5 ಸೆಂ.ಮೀ. ಮೀರಬಾರದು, ಮೇಲಂಚು ಕ್ರಮೇಣ ಕರಗಬೇಕು. ಪಾಚಿಯನ್ನು ಉತ್ತರದ ಇಳಿಜಾರಿಗೋ ಮರದ ನೆರಳಿಗೋ ಮಾತ್ರ ಇಡಿ.

ನೆಲದ ಮಣ್ಣನ್ನು ಚಹಾ ಜಾಲರಿಯಲ್ಲಿ ಜರಡಿ ಹಿಡಿಯಿರಿ. 5 ಮಿ.ಮೀ. ಹರಳು ಪರದೆಯ ಮೇಲೆ 4 ಸೆಂ.ಮೀ. ಕಲ್ಲು. ಗಿಡಗಳಲ್ಲಿ ಎಲೆಯ ಗಾತ್ರವೇ ಶತ್ರು: 20 ಸೆಂ.ಮೀ. ಮಾವಿನೆಲೆಗೆ ಇಲ್ಲಿ ಎರಡೂವರೆ ಸೆಂ.ಮೀ. ಎಲೆ ಬೇಕು. ಸಣ್ಣೆಲೆಯ ನಿಜ ಗಿಡದ ಟೊಂಗೆ ಚೆನ್ನಾಗಿ ಒಪ್ಪುತ್ತದೆ, ಆದರೆ ಬಿಸಿಲಿಗೆ ಬೇಗ ಬಾಡುತ್ತದೆ. ಕ್ಯಾಮೆರಾ ಸಿದ್ಧವಾದ ಮೇಲೆ ಕೊನೆಯಲ್ಲಿ ನೆಡಿ.

## ಹಂತ 10: ಬೆಳಕು ಮತ್ತು ಟೇಕ್

ತಾರಸಿಯ ಮೇಲೆ, ಸೂರ್ಯನ ಬೆಳಕಿನಲ್ಲಿ ತೆಗೆಯಿರಿ. ಒಳಾಂಗಣದಲ್ಲಿ 24 ಫ್ರೇಮ್, ಎಫ್/5.6ರ ಬದಲು 72 ಫ್ರೇಮ್, ಎಫ್/16 ಎಂದರೆ 24 ಪಟ್ಟು ಬೆಳಕು ಬೇಕು. ಅಷ್ಟು ದೀಪ ಬಾಡಿಗೆಗೆ ತರುವ ಹಣದಲ್ಲಿ ಇನ್ನೊಂದು ಮನೆ ಕಟ್ಟಬಹುದು. ಬಿಸಿಲಿನಲ್ಲಾದರೆ ಎಫ್/16, ಶಟರ್ 1/144 ಸೆಕೆಂಡ್, ಐಎಸ್‌ಒ (ಕ್ಯಾಮೆರಾದ ಬೆಳಕಿನ ಸಂವೇದನೆ) 160 ಸಾಕಾಗುತ್ತದೆ. ನೆರಳಿನ ಅಂಚೂ ತಾನಾಗಿ ಸರಿಯಾಗಿರುತ್ತದೆ. ಹತ್ತಿರದ ದೀಪ ಕೊಡುವ ಹರಡಿದ, ಕವಲೊಡೆದ ನೆರಳಿನ ಗೋಜಿಲ್ಲ. ಒಳಗೇ ತೆಗೆಯಬೇಕಾಗಿ ಬಂದರೆ ಅಗ್ಗದ ಎಲ್ಇಡಿ ದೀಪಗಳು ಹೆಚ್ಚಿನ ಫ್ರೇಮ್ ರೇಟಿನಲ್ಲಿ ಮಿಣುಕುವುದನ್ನು ಮೊದಲೇ ಪರೀಕ್ಷಿಸಿ.

ಗಾಳಿ ಇಲ್ಲದ ಬೆಳಗಿನ ಹೊತ್ತು ಆರಿಸಿಕೊಳ್ಳಿ. ಧೂಳಿಗೆ ಮುಲ್ತಾನಿ ಮಿಟ್ಟಿಯನ್ನು ಜರಡಿ ಹಿಡಿದು ಗೋಡೆಯ ತಲೆಯ ಮೇಲೆ, ಹೆಂಚಿನ ಅಡಿ ತೆಳುವಾಗಿ ಉದುರಿಸಿ. ಹೆಚ್ಚಾದರೆ ವಾರಗಟ್ಟಲೆ ಮಾಡಿದ ಕೆಲಸ ಮೊದಲ ಅರ್ಧ ಸೆಕೆಂಡಿನಲ್ಲೇ ಮರೆಯಾಗುತ್ತದೆ.

ಟೇಕ್‌ಗೆ ಮುನ್ನ ಖಾಲಿ ಫ್ರೇಮ್, ಅಳತೆಪಟ್ಟಿ ಇಟ್ಟ ಫ್ರೇಮ್ ಎರಡನ್ನೂ ತೆಗೆದಿಡಿ, ವಿಎಫ್‌ಎಕ್ಸ್ (ಕಂಪ್ಯೂಟರಿನಲ್ಲಿ ದೃಶ್ಯ ತಿದ್ದುವ) ತಂಡ ಕೇಳುತ್ತದೆ. ಎರಡನೇ ಕ್ಯಾಮೆರಾ ಇದ್ದರೆ ಹತ್ತಿರದ ಚೌಕಟ್ಟಿಗೆ ಹಾಕಿ. ರೆಕಾರ್ಡಿಂಗ್ ಶುರುವಾಗಿದೆ ಎಂದು ಕ್ಯಾಮೆರಾದವರು ಬಾಯಲ್ಲಿ ಹೇಳುವ ತನಕ ದಾರದ ಹತ್ತಿರ ಯಾರೂ ನಿಲ್ಲಬಾರದು.

ಫಲಿತಾಂಶದಲ್ಲಿ ಏನು ತಪ್ಪಿದೆ ಎಂದು ಹೀಗೆ ಗುರುತಿಸಿ. ಚೂರುಗಳು ಪುಟಿದರೆ ವಸ್ತು ಹಗುರ. ಗೋಡೆ ಹಲಗೆಯಂತೆ ಮಗುಚಿದರೆ ಮಿಶ್ರಣ ಗಟ್ಟಿ. ಎಲ್ಲವೂ ಒಟ್ಟಿಗೇ ಕುಕ್ಕಿದರೆ ಪಿನ್ನುಗಳ ಅಂತರ ಕಡಿಮೆ. ಚಲನೆ ಸರಿಯಿದ್ದೂ ಚಿಕ್ಕದೆನಿಸಿದರೆ ಕ್ಯಾಮೆರಾದ ಎತ್ತರ ನೋಡಿ, ಆಮೇಲೆ ಹಿನ್ನೆಲೆಯ ಫೋಕಸ್ ನೋಡಿ.

## ಹಂತ 11: ಈ ಶಾಟ್ ಹಿಡಿದು ಕೆಲಸ ಕೇಳುವಾಗ

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೋ ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲೋ ಶಿಲ್ಪಕಲೆ ಓದಿದವರಿಗೆ ಅಚ್ಚು, ಎರಕ ಗೊತ್ತಿರುತ್ತದೆ; ಅವರು ಕಲಿಯಬೇಕಾದದ್ದು ಕ್ಯಾಮೆರಾ. ಕಟ್ಟಡಗಳ ಆರ್ಕಿಟೆಕ್ಚರ್ ಮಾಡೆಲ್ ಮಾಡುವ ಕಡೆ ಪಳಗಿದವರಿಗೆ ಅಳತೆ, ಲೇಸರ್ ಕಟಿಂಗ್ ನೀರು ಕುಡಿದಷ್ಟು ಸಲೀಸು. ಅವರು ಮರೆಯಬೇಕಾದದ್ದು ಚೊಕ್ಕ ಅಂಚು.

ಕಲಾ ನಿರ್ದೇಶಕರು ಮೊದಲು ಕೇಳುವುದು ಮೂರೇ: ಎಷ್ಟು ದಿನ, ಎಷ್ಟು ಟೇಕ್, ಒಂದು ಟೇಕಿನಿಂದ ಇನ್ನೊಂದಕ್ಕೆ ಮತ್ತೆ ಜೋಡಿಸಲು ಎಷ್ಟು ಹೊತ್ತು. ಮೂರಕ್ಕೂ ಅಂಕಿಯಲ್ಲಿ ಉತ್ತರ ಇರಲಿ. ಕೊಟೇಶನ್‌ನಲ್ಲಿ ಕಟ್ಟುವ ಖರ್ಚು, ಎರಡನೇ ಟೇಕಿನ ಬಿಡಿಭಾಗ, ಸಾಗಾಟ, ಚಿತ್ರೀಕರಣದ ದಿನ ನಿಮ್ಮ ಹಾಜರಿ ಇವನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಒಟ್ಟು ಮೊತ್ತ ಒಂದೇ ಬರೆದರೆ ಮೊದಲು ಕತ್ತರಿ ಬೀಳುವುದು ಬಿಡಿಭಾಗಕ್ಕೆ, ಟೇಕ್ ಕೆಟ್ಟಾಗ ಹೊಣೆ ಮಾತ್ರ ನಿಮ್ಮದು. ಸಾಮಾನು ಕೊಳ್ಳುವಷ್ಟು ಮುಂಗಡ ಕೈಗೆ ಬಾರದೆ ಅಚ್ಚಿಗೆ ಕೈ ಹಾಕಬೇಡಿ.

ಶೋರೀಲ್‌ನಲ್ಲಿ ಮೊದಲು ಶಾಟ್ ಪೂರ್ತಿ ಓಡಲಿ, ಸಂಗೀತ ಬೇಡ. ನಂತರ ಬಣ್ಣ ತಿದ್ದದ ಅದೇ ಶಾಟ್, ಅದರ ನಂತರ ಮಾಡೆಲ್ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದ ಒಂದು ಚಿತ್ರ, ಕೊನೆಗೆ ತಳದ ಪಿನ್ನುಗಳ ಏರ್ಪಾಡಿನ ಹತ್ತು ಸೆಕೆಂಡ್.